ಇಂಜಿನಿನ ಎಣ್ಣೆ ಎಷ್ಟಿರಬೇಕು?

ಎಣ್ಣೆ ಕಡಿಮೆಯಾದರೆ ಇಂಜಿನು ಕೆಡುತ್ತದೆ ಎಂಬುದನ್ನು ನಮ್ಮ ಕಡೆಯ ಒಕ್ಕಲಿಗರಿಗೆ ಯಾರೂ ಹೊಸತಾಗಿ ಹೇಳಿಕೊಡಬೇಕಾಗಿಲ್ಲ. ಎಣ್ಣೆ ಹೆಚ್ಚಾದರೂ ಅದು ಕೆಡುತ್ತದೆ, ನಾವು ಹಾಕದೆ ತಾನಾಗಿಯೇ ಹೆಚ್ಚಾದರಂತೂ ಬಲು ಬೇಗ ಕೆಡುತ್ತದೆ ಎಂಬ ಮಾತು ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ನಾವು ಇದನ್ನು ರೊಕ್ಕ ಕೊಟ್ಟು ಕಲಿತವರು. ಆದ್ದರಿಂದ ಈ ವಾರದ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಜತ್ತ ತಾಲೂಕಿನಲ್ಲಿ ದ್ರಾಕ್ಷಿ ಇಟ್ಟವರಿಗೆ ಅಕ್ಟೋಬರದ ಛಾಟಣಿ ಎಂದರೆ ಏನೆಂಬುದು ಗೊತ್ತು. ಛಾಟಣಿಯಾಗಿ ಚಿಗುರು ಒಡೆದ ಮೇಲೆ ಔಷಧ ಹೊಡೆಯುವ ಕೆಲಸ ಒಂದು ದಿನವೂ ನಿಲ್ಲುವಂತಿಲ್ಲ. ಮೋಡ ಕವಿದು, ಮುಂಜಾನೆ ಮಂಜು ಬಿದ್ದರೆ ಬೂಜು ತುಪ್ಪಟ ರೋಗ, ನಾವೆಲ್ಲ ಡೌನಿ ಎನ್ನುವುದು, ರಾತ್ರೋರಾತ್ರಿ ಎಲೆಗೆ ಇಳಿಯುತ್ತದೆ. ಔಷಧದ ಬ್ಲೋವರು ಎಳೆಯುವುದು ಟ್ರ್ಯಾಕ್ಟರು. ಅಂಥ ದಿನಗಳಲ್ಲಿ ಒಮ್ಮೆ ನಮ್ಮ ಟ್ರ್ಯಾಕ್ಟರು ಹೊಡೆಯುವ ಹುಡುಗ ಬಂದು, "ಅಣ್ಣಾರ, ನಮ್ಮ ಗಾಡಿ ಆಯಿಲ್ ತಿನ್ನೂದ ಬಿಟ್ಟೈತಿ ನೋಡ್ರಿ. ಹಾಕೂದ ಬ್ಯಾಡಾಗೈತಿ, ಮ್ಯಾಲ ಏರಾಕತ್ತೈತಿ" ಎಂದು ಹೇಳಿದ. ನಾವು ಸಂತೋಷಪಟ್ಟೆವು. ಹಳೆಯ ಗಾಡಿಯಾದರೂ ಎಣ್ಣೆ ತಿನ್ನುವುದಿಲ್ಲ ಎಂದು ನೆರೆಯವರ ಮುಂದೆ ಹೇಳಿಕೊಂಡದ್ದೂ ಉಂಟು. ಮೂರು ವಾರ ಕಳೆಯುವುದರೊಳಗೆ ಇಂಜಿನಿನ ಹೊಟ್ಟೆಯಲ್ಲಿ ಕಟಕಟ ಶಬ್ದ ಎದ್ದಿತು. ಮಿಸ್ತ್ರಿ ಬಂದು ಕಡ್ಡಿ ಎಳೆದು, ಮೂಸಿ ನೋಡಿ ಒಂದೇ ಮಾತು ಕೇಳಿದ: "ಕಾಕಾ, ಇದು ಆಯಿಲ್ ಅಲ್ರಿ, ಅರ್ಧಾ ಡೀಸೆಲ್ ಐತಿ. ಎಷ್ಟ ದಿನದಿಂದ ಏರಾಕತ್ತಿತ್ತು?"

ಬೇರಿಂಗುಗಳು ಸವೆದುಹೋಗಿದ್ದವು. ಇಂಜಿನು ಬಿಚ್ಚಿ ಕಟ್ಟುವಷ್ಟರಲ್ಲಿ ಹನ್ನೊಂದು ದಿನ ಹೋದವು. ಬಾಡಿಗೆ ಟ್ರ್ಯಾಕ್ಟರು ಹುಡುಕಿದರೆ ಅಂಥ ಹೊತ್ತಿನಲ್ಲಿ ಯಾರ ಗಾಡಿಯೂ ಬಿಡುವಾಗಿರುವುದಿಲ್ಲ. ಎರಡು ಸಲ ಔಷಧ ತಪ್ಪಿತು, ತೋಟದ ತಗ್ಗಿನ ಭಾಗದ ಗೊನೆಗಳು ಕೈಗೆ ಬರಲಿಲ್ಲ. ಇಷ್ಟಕ್ಕೆಲ್ಲ ಮೂಲವಾದದ್ದು ಅಂಗೈಯಗಲದ ಒಂದು ರಬ್ಬರಿನ ತುಂಡು. ಅದರ ಸಂಗತಿ ಮುಂದೆ ಬರುತ್ತದೆ.

ಮೊದಲು, ಎಣ್ಣೆ ಇಂಜಿನಿನೊಳಗೆ ಮಾಡುವ ಕೆಲಸವೇನು? ಕ್ರ್ಯಾಂಕು ಮತ್ತು ಬೇರಿಂಗುಗಳು ಒಂದನ್ನೊಂದು ಮುಟ್ಟದಂತೆ ನಡುವೆ ಎಣ್ಣೆಯ ತೆಳ್ಳನೆಯ ಪದರು ನಿಂತಿರುತ್ತದೆ. ಇಂಜಿನು ನಿಮಿಷಕ್ಕೆ 2000 ಸುತ್ತು ತಿರುಗುವಾಗ ಸೆಕೆಂಡಿಗೆ 33 ಸಲ ಕ್ರ್ಯಾಂಕು ಸುತ್ತುತ್ತದೆ. ಪದರು ಕ್ಷಣಹೊತ್ತು ಹರಿದರೂ ಲೋಹಕ್ಕೆ ಲೋಹ ಉಜ್ಜುತ್ತದೆ. ಇದಲ್ಲದೆ ಎಣ್ಣೆಯು ಪಿಸ್ಟನ್ನಿನ ಕಾವನ್ನು ಕೆಳಗೆ ತರುತ್ತದೆ, ಮಸಿಯನ್ನು ಹೊತ್ತು ಫಿಲ್ಟರಿಗೆ ಒಯ್ಯುತ್ತದೆ. ಕೆಳಗಿನ ಚೇಂಬರಿನಿಂದ ಪಂಪು ಅದನ್ನು ಎತ್ತಿ ಎಲ್ಲ ಕಡೆಗೆ ಕಳಿಸುತ್ತದೆ, ಅದು ಮತ್ತೆ ಹನಿಹನಿಯಾಗಿ ಚೇಂಬರಿಗೇ ಇಳಿಯುತ್ತದೆ. ಚೇಂಬರಿನಲ್ಲಿ ಎಣ್ಣೆ ಕಡಿಮೆಯಿದ್ದರೆ ಏರು ಹತ್ತುವಾಗಲೋ ಬದುವಿನ ಮೇಲೆ ಓರೆಯಾದಾಗಲೋ ಪಂಪಿನ ಬಾಯಿಗೆ ಎಣ್ಣೆಯ ಬದಲು ಗಾಳಿ ಸಿಗುತ್ತದೆ. ಮುಂದಿನ ಕತೆ ಎಲ್ಲರಿಗೂ ಗೊತ್ತಿದ್ದದ್ದೇ.

ಇನ್ನು ಕಡ್ಡಿಯ ವಿಷಯ. ಡಿಪ್‌ಸ್ಟಿಕ್ ಎಂಬ ಈ ಕಡ್ಡಿಯ ತುದಿಗೆ ಎರಡು ಗೆರೆಗಳಿರುತ್ತವೆ. ಕೆಲವಕ್ಕೆ ಎರಡು ತೂತು, ಕೆಲವಕ್ಕೆ ನಡುವೆ ಗೀರು ಹಾಕಿದ ಪಟ್ಟಿ. ಕೆಳಗಿನದಕ್ಕಿಂತ ಇಳಿಯಬಾರದು, ಮೇಲಿನದನ್ನು ದಾಟಬಾರದು. ಮೇಲಿನ ಗೆರೆಯನ್ನು ನಮ್ಮವರು ಗುರಿಯೆಂದು ತಿಳಿಯುತ್ತಾರೆ, ಅದಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ ಎನ್ನುತ್ತಾರೆ. ಅದು ಗುರಿಯಲ್ಲ, ಬೇಲಿ. ಎರಡರ ನಡುವೆ ಎಲ್ಲಿದ್ದರೂ ಇಂಜಿನು ಸುಖವಾಗಿಯೇ ಇರುತ್ತದೆ. ಮುಕ್ಕಾಲು ಭಾಗಕ್ಕೆ ನಿಂತಿದ್ದರೆ ಇನ್ನೇನೂ ಹಾಕುವ ಅವಶ್ಯವಿಲ್ಲ.

ಕಡ್ಡಿ ನೋಡುವುದಕ್ಕೂ ಒಂದು ಹದವಿದೆ. ಗಾಡಿ ಸಮನಾದ ನೆಲದ ಮೇಲೆ ನಿಂತಿರಬೇಕು. ನೇಗಿಲ ಸಾಲಿನೊಳಗೆ ಒಂದು ಗಾಲಿ ಇಳಿದಿದ್ದಾಗ, ಇಲ್ಲವೆ ತುಂಬಿದ ಟ್ರೇಲರು ಹಿಂದೆ ಜಗ್ಗುತ್ತಿದ್ದಾಗ ನೋಡಿದ ಲೆಕ್ಕ ಸುಳ್ಳು. ಮನೆಯ ಮುಂದೆ ಸಮನೆಲದ ಜಾಗವೊಂದನ್ನು ಗೊತ್ತುಮಾಡಿಕೊಂಡು ಯಾವಾಗಲೂ ಅಲ್ಲಿಯೇ ನೋಡುವುದು ಒಳ್ಳೆಯದು. ಮುಂಜಾನೆ, ಇಂಜಿನು ಚಾಲೂ ಮಾಡುವ ಮುಂಚೆ ನೋಡಿದರೆ ಎಣ್ಣೆಯೆಲ್ಲ ಚೇಂಬರಿಗೆ ಇಳಿದಿರುತ್ತದೆ. ನಡುವೆ ನೋಡಬೇಕಾದರೆ ಇಂಜಿನು ನಿಲ್ಲಿಸಿ ಹತ್ತು ನಿಮಿಷ ತಡೆಯಬೇಕು. ನಿಲ್ಲಿಸಿದ ಕೂಡಲೆ ನೋಡಿದರೆ ಎಣ್ಣೆ ಇನ್ನೂ ಮೇಲೆಯೇ ಅಂಟಿಕೊಂಡಿದ್ದು ಕಡಿಮೆ ಎಂದು ತೋರುತ್ತದೆ, ಗಾಬರಿಯಿಂದ ಅರ್ಧ ಲೀಟರು ಸುರುವುತ್ತೇವೆ, ಮರುದಿನ ನೋಡಿದರೆ ಗೆರೆ ದಾಟಿರುತ್ತದೆ. ಕೆಲವು ಗಾಡಿಗಳ ಪುಸ್ತಕದಲ್ಲಿ ಇಂಜಿನು ಬೆಚ್ಚಗಿರುವಾಗಲೇ ನೋಡಬೇಕೆಂದು ಇರುತ್ತದೆ. ಅಲ್ಲಿ ಪುಸ್ತಕದ ಮಾತೇ ನಡೆಯಬೇಕು. ಆ ಪುಸ್ತಕ ನಮ್ಮ ಕಡೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆಂದು ಅದನ್ನು ಟ್ರಂಕಿಗೆ ಹಾಕಿ ಬೀಗ ಜಡಿಯಬಾರದು. ಶಾಲೆಗೆ ಹೋಗುವ ಮಕ್ಕಳಿಂದ ಎಣ್ಣೆಯ ಪುಟವೊಂದನ್ನಾದರೂ ಓದಿಸಿ, ಅಂಕಿಗಳನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಬೇಕು.

ಮೊದಲ ಸಲ ಎಳೆದ ಕಡ್ಡಿಯನ್ನು ನಂಬಬೇಡಿರಿ. ಗಾಡಿ ಅಲುಗಾಡುವಾಗ ಎಣ್ಣೆ ಸಿಡಿದು ಕಡ್ಡಿಯ ಉದ್ದಕ್ಕೂ ಬಳಿದಿರುತ್ತದೆ. ಎಳೆದು, ಎಳೆ ಬಿಡದ ಒಣ ಬಟ್ಟೆಯಿಂದ ಒರೆಸಿ, ಪೂರ್ತಿ ತಳದವರೆಗೆ ತೂರಿಸಿ, ಮತ್ತೆ ಎಳೆದು ನೋಡಬೇಕು. ಎರಡು ಮಗ್ಗುಲಲ್ಲಿ ಬೇರೆಬೇರೆ ತೋರಿದರೆ ಕಡಿಮೆ ತೋರುವ ಮಗ್ಗುಲೇ ನಿಜ. ಕಡ್ಡಿ ಎಳೆಯುವ ಮುಂಚೆ ಅದರ ಬುಡದ ಧೂಳನ್ನೂ ಒರೆಸಬೇಕೆಂಬುದನ್ನು ಹಲವರು ಮರೆಯುತ್ತಾರೆ. ನಮ್ಮ ಕರಿನೆಲದ ಧೂಳು ಒಂದು ಚಿಟಿಕೆ ಒಳಗೆ ಬಿದ್ದರೆ ಅದು ಎಣ್ಣೆಯ ಜೊತೆ ಸೇರಿ ಸಾಣೆ ಹಿಡಿಯುವ ಮಸಾಲೆಯಾಗುತ್ತದೆ.

ಗೆರೆಗಿಂತ ಕೆಳಗಿದೆ ಎಂದು ಖಾತ್ರಿಯಾದರೆ ಎಷ್ಟು ಹಾಕಬೇಕು? ಡಬ್ಬಿ ಬಗ್ಗಿಸಿ ಕಣ್ಣಳತೆಯಿಂದ ಸುರಿಯುವುದೇ ನಮ್ಮ ರೂಢಿ. ಹಲವು ಚಿಕ್ಕ ಕಾರುಗಳಲ್ಲಿ ಕೆಳಗೆರೆಯಿಂದ ಮೇಲ್ಗೆರೆಗೆ ಸುಮಾರು ಒಂದು ಲೀಟರು ಹಿಡಿಯುತ್ತದೆ, ಕೆಲವಕ್ಕೆ ಅದಕ್ಕಿಂತ ಕಡಿಮೆ. ಎಣ್ಣೆ ಕೆಳಗೆರೆಗೆ ಮುಟ್ಟಿದ್ದರೆ ಅರ್ಧ ಲೀಟರು ಹಾಕಿದರೆ ನಡುವಿಗೆ ಬರುತ್ತದೆ ಎಂದು ಲೆಕ್ಕ ಹಿಡಿಯಬಹುದು. ಟ್ರ್ಯಾಕ್ಟರಿನಲ್ಲಿ ಇದು ಗಾಡಿಯಿಂದ ಗಾಡಿಗೆ ಬೇರೆ. ಆದ್ದರಿಂದ ನಿಮ್ಮ ಗಾಡಿಯ ಲೆಕ್ಕವನ್ನು ನೀವೇ ಒಮ್ಮೆ ಕಂಡುಕೊಳ್ಳುವುದು ಉತ್ತಮ. ಎಣ್ಣೆ ಬದಲಿಸುವ ದಿನ ಹಳೆಯದನ್ನು ಪೂರ್ತಿ ಇಳಿಸಿ, ಹೊಸ ಫಿಲ್ಟರು ಹಾಕಿ, ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಎರಡು ಲೀಟರು ಕಡಿಮೆ ಎಣ್ಣೆ ಹಾಕಿರಿ. ಇಂಜಿನು ಇನ್ನೂ ಚಾಲೂ ಮಾಡಬಾರದು. ಹತ್ತು ನಿಮಿಷ ಬಿಟ್ಟು ಕಡ್ಡಿ ನೋಡಿ, ಅಲ್ಲಿಂದ ಅಳತೆಯ ಪಾತ್ರೆಯಿಂದ ಕಾಲು ಕಾಲು ಲೀಟರು ಹಾಕುತ್ತ, ಪ್ರತಿ ಸಲ ಐದು ನಿಮಿಷ ತಡೆದು ನೋಡುತ್ತ ಹೋಗಿರಿ. ಕೆಳಗೆರೆ ಮುಟ್ಟಿದ್ದು ಯಾವಾಗ, ಮೇಲ್ಗೆರೆ ಮುಟ್ಟಿದ್ದು ಯಾವಾಗ ಎಂಬುದನ್ನು ಬರೆದುಕೊಂಡರೆ ನಡುವಿನ ಅಂತರ ಇಷ್ಟು ಲೀಟರು ಎಂದು ತಿಳಿಯುತ್ತದೆ. ಆಮೇಲೆ ಎರಡು ನಿಮಿಷ ಇಂಜಿನು ಓಡಿಸಿ ನಿಲ್ಲಿಸಿ, ತಡೆದು ನೋಡಿದರೆ ಗೆರೆಯಿಂದ ಸ್ವಲ್ಪ ಇಳಿದಿರುತ್ತದೆ. ಅಷ್ಟು ಎಣ್ಣೆಯನ್ನು ಹೊಸ ಫಿಲ್ಟರು ಕುಡಿದಿದೆ ಎಂದು ತಿಳಿದು ಅದನ್ನು ತುಂಬಿಕೊಡಬೇಕು. ಪುಸ್ತಕಗಳಲ್ಲಿ ಫಿಲ್ಟರು ಸಹಿತ ಇಷ್ಟು, ರಹಿತ ಇಷ್ಟು ಎಂದು ಎರಡು ಅಂಕಿ ಕೊಟ್ಟಿರುವುದು ಇದೇ ಕಾರಣಕ್ಕೆ. ನಾವು ಈ ಅಂಕಿಗಳನ್ನು ಮಡ್‌ಗಾರ್ಡಿನ ಒಳಮಗ್ಗುಲಿಗೆ ಬಿಳಿಬಣ್ಣದಿಂದ ಬರೆಸಿದ್ದೇವೆ. ಟ್ರ್ಯಾಕ್ಟರು ಹೊಡೆಯುವವನು ಬದಲಾದರೂ ಅಂಕಿ ಬದಲಾಗುವುದಿಲ್ಲ.

ಹೆಚ್ಚು ಹಾಕಿದರೆ ನಷ್ಟವೇನು, ಎಣ್ಣೆಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಚೇಂಬರಿನ ಎಣ್ಣೆಯ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ಕ್ರ್ಯಾಂಕು ಸುತ್ತುತ್ತಿರುತ್ತದೆ. ಮಟ್ಟ ಏರಿದರೆ ಕ್ರ್ಯಾಂಕು ಎಣ್ಣೆಗೆ ಬಡಿಯುತ್ತದೆ. ಮಜ್ಜಿಗೆ ಕಡೆಯುವಾಗ ನೊರೆ ಏಳುವಂತೆ ಎಣ್ಣೆ ನೊರೆಯಾಗುತ್ತದೆ. ಪಂಪು ಎತ್ತುವುದು ಆ ನೊರೆಯನ್ನೇ. ನೊರೆಯೆಂದರೆ ಪಾಲಿಗೆ ಪಾಲು ಗಾಳಿ, ಬೇರಿಂಗಿನ ಭಾರವನ್ನು ಅದು ಹೊರಲಾರದು. ಹೀಗೆ ಎಣ್ಣೆ ಹೆಚ್ಚಾದ ಇಂಜಿನು ಎಣ್ಣೆಯಿಲ್ಲದ ಇಂಜಿನಿನಂತೆಯೇ ಸವೆಯುತ್ತದೆ. ಜೊತೆಗೆ ಕಾವು ಏರುತ್ತದೆ, ಆಯಿಲ್ ಸೀಲುಗಳು ಸೋರುತ್ತವೆ, ಬ್ರೀದರಿನ ಕೊಳವೆಯಿಂದ ಎಣ್ಣೆ ಉಗುಳುತ್ತದೆ, ಹೊಗೆಗೊಳವೆಯಲ್ಲಿ ನೀಲಿ ಹೊಗೆ ಕಾಣುತ್ತದೆ. ಕೂದಲೆಳೆಯಷ್ಟು ಗೆರೆ ದಾಟಿದ್ದಕ್ಕೆ ಗಾಬರಿ ಬೇಡ. ಬೆರಳಗಲ ದಾಟಿದ್ದರೆ ಇಂಜಿನು ಚಾಲೂ ಮಾಡದೆ ಇಳಿಸಬೇಕು. ಕೆಳಗಿನ ನಟ್ಟು ಸಡಿಲಿಸಿ ಸ್ವಲ್ಪ ಇಳಿಸಬಹುದು, ಇಲ್ಲವೆ ಕಡ್ಡಿಯ ತೂತಿನಿಂದ ಸಣ್ಣ ನಳಿಗೆ ಬಿಟ್ಟು ಕೈಪಂಪಿನಿಂದ ಎಳೆಯಬಹುದು. ಬಾಯಿಂದ ಎಳೆಯಕೂಡದು.

ಈಗ ನಾವು ಮೊದಲು ಬಿಟ್ಟ ಮಾತಿಗೆ ಬರೋಣ. ಹಾಕದೆ ಏರುವ ಎಣ್ಣೆ ಎಣ್ಣೆಯಲ್ಲ. ಅದರೊಳಗೆ ಇನ್ನೇನೋ ಇಳಿಯುತ್ತಿದೆ: ಒಂದು ಡೀಸೆಲು, ಇಲ್ಲವೆ ನೀರು. ಕೆಲವು ಇಂಜಿನುಗಳಲ್ಲಿ ಟಾಕಿಯಿಂದ ಡೀಸೆಲು ಎಳೆಯುವ ಫೀಡ್ ಪಂಪು ಇಂಜಿನಿನ ಮಗ್ಗುಲಿಗೇ ಕೂತಿರುತ್ತದೆ, ಅದರೊಳಗೆ ಡಯಾಫ್ರಾಂ ಎಂಬ ರಬ್ಬರಿನ ಪೊರೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಪೊರೆ ಹರಿದರೆ ಡೀಸೆಲು ಸದ್ದಿಲ್ಲದೆ ಚೇಂಬರಿಗೆ ಸೋರುತ್ತದೆ. ಗಾಡಿ ನಿಲ್ಲುವುದಿಲ್ಲ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ನಮ್ಮದು ಹೀಗೆಯೇ ಆಯಿತು. ಇಂಜೆಕ್ಟರು ಕೆಟ್ಟು ಡೀಸೆಲು ಸರಿಯಾಗಿ ಉರಿಯದಿದ್ದರೂ ಅದು ಸಿಲಿಂಡರಿನ ಗೋಡೆಯಿಂದ ಜಾರಿ ಕೆಳಗಿಳಿಯುತ್ತದೆ. ಡೀಸೆಲು ಬೆರೆತ ಎಣ್ಣೆ ನೀರಾಗಿ ತೆಳುವಾಗುತ್ತದೆ, ಪದರು ನಿಲ್ಲುವುದಿಲ್ಲ.

ಪರೀಕ್ಷೆ ಸುಲಭ. ಕಡ್ಡಿಯ ಎಣ್ಣೆಯನ್ನು ಮೂಸಿದರೆ ಡೀಸೆಲಿನ ವಾಸನೆ ಬರುತ್ತದೆ. ಎರಡು ಬೆರಳ ನಡುವೆ ತೀಡಿದರೆ ಜಿಗುಟು ಇರುವುದಿಲ್ಲ. ಹಳೆಯ ಪತ್ರಿಕೆಯ ಕಾಗದದ ಮೇಲೆ ಒಂದು ಹನಿ ಹಾಕಿ, ಮಗ್ಗುಲಿಗೆ ಹೊಸ ಎಣ್ಣೆಯ ಹನಿಯನ್ನೂ ಹಾಕಿ ಇಟ್ಟರೆ, ಡೀಸೆಲು ಕೂಡಿದ್ದು ಸುತ್ತ ಅಗಲವಾದ ತೆಳು ಉಂಗುರ ಬಿಡುತ್ತದೆ. ಈ ಕೆಲಸಕ್ಕೆ ನಮ್ಮ ಪತ್ರಿಕೆಯನ್ನೇ ಬಳಸಿದರೂ ಬೇಸರವಿಲ್ಲ, ಓದಿದ ಮೇಲೆ ಬಳಸಬೇಕಷ್ಟೆ. ನೀರು ಬೆರೆತಿದ್ದರೆ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ, ರೇಡಿಯೇಟರಿನ ನೀರೂ ಇಳಿಯುತ್ತ ಹೋಗುತ್ತದೆ. ಎರಡರಲ್ಲಿ ಯಾವುದೇ ಆದರೂ ಗಾಡಿಯನ್ನು ನಿಂತಲ್ಲೇ ನಿಲ್ಲಿಸಿ ಮಿಸ್ತ್ರಿಗೆ ಹೇಳಿಕಳಿಸಬೇಕು. ಹೆಚ್ಚಾದದ್ದನ್ನು ಇಳಿಸಿ ಮತ್ತೆ ಓಡಿಸಿದರೆ ಪ್ರಯೋಜನವಿಲ್ಲ. ಸೋರುವುದನ್ನು ರಿಪೇರಿ ಮಾಡಿಸಿ, ಎಣ್ಣೆ ಫಿಲ್ಟರು ಎರಡನ್ನೂ ಹೊಸದಾಗಿ ಹಾಕಬೇಕು. ಎಣ್ಣೆ ಕರ್ರಗಾದದ್ದನ್ನು ಕಂಡು ಮಾತ್ರ ಹೆದರಬೇಕಾಗಿಲ್ಲ. ಡೀಸೆಲು ಇಂಜಿನಿನ ಎಣ್ಣೆ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಹೊತ್ತುಕೊಳ್ಳುವುದೇ ಅದರ ಕೆಲಸ.

ಹೊಸ ಡೀಸೆಲ್ ಕಾರು ಕೊಂಡವರಿಗೂ ಒಂದು ಮಾತು. 2020ರ ಏಪ್ರಿಲಿನಿಂದ ಬಿ.ಎಸ್.-6 ನಿಯಮ ಬಂದಮೇಲೆ ಈ ಕಾರುಗಳ ಹೊಗೆಗೊಳವೆಗೆ ಮಸಿ ಹಿಡಿಯುವ ಫಿಲ್ಟರು ಬಂದಿದೆ. ಕೂಡಿದ ಮಸಿಯನ್ನು ಸುಡಲು ಇಂಜಿನು ಆಗಾಗ ಹೆಚ್ಚಿನ ಡೀಸೆಲು ಬಿಡುತ್ತದೆ. ದಿನವೂ ಊರಿಂದ ಹೊಲಕ್ಕೆ ಎರಡು ಮೈಲು ಮಾತ್ರ ಓಡಿಸಿ ನಿಲ್ಲಿಸುವವರ ಕಾರಿನಲ್ಲಿ ಈ ಸುಡುವ ಕೆಲಸ ಅರ್ಧಕ್ಕೇ ನಿಂತು, ಕೆಲವು ಇಂಜಿನುಗಳಲ್ಲಿ ಡೀಸೆಲು ಎಣ್ಣೆಗೆ ಇಳಿಯುತ್ತದೆ. ಅಲ್ಲಿಯೂ ಕಡ್ಡಿಯ ಮಟ್ಟ ಏರುವುದೇ ಸೂಚನೆ. ಅಂಥ ಕಾರನ್ನು ಆಗಾಗ ಸೊಲ್ಲಾಪುರದ ದೊಡ್ಡ ರಸ್ತೆಯಲ್ಲಿ ಅರ್ಧ ತಾಸು ಒಂದೇ ಓಟದಲ್ಲಿ ಓಡಿಸುವುದು ಹಿತ. ಅದಕ್ಕೆ ಹೇಳಿದ ಬೂದಿ ಕಡಿಮೆಯಿರುವ ಎಣ್ಣೆಯನ್ನೇ ಹಾಕಬೇಕು, ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಉಳಿದದ್ದನ್ನು ಸುರಿಯಬಾರದು.

ಬಾವಿಯ ಮೇಲಿನ ಡೀಸೆಲ್ ಪಂಪುಸೆಟ್ಟನ್ನು ಹಳಬರು ಈಗಲೂ ಆಯಿಲ್ ಇಂಜಿನ್ ಎಂದೇ ಕರೆಯುತ್ತಾರೆ. ಕಿರ್ಲೋಸ್ಕರರು ಪುಣೆಯಲ್ಲಿ ಆಯಿಲ್ ಇಂಜಿನಿನ ಕಂಪನಿ ತೆರೆದದ್ದು 1946ರಲ್ಲಿ. ಅವರ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. 1903ರಲ್ಲಿ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಈಗಿನ ನಮ್ಮ ಸಾಂಗಲಿ ಜಿಲ್ಲೆಯೊಳಗೆ ಕಿರ್ಲೋಸ್ಕರವಾಡಿ ಕಟ್ಟಿದರು. ಕರೆಂಟು ಕೈಕೊಟ್ಟ ದಿನ ನಮ್ಮ ಕಡೆ ಇಂದಿಗೂ ಈ ಇಂಜಿನೇ ಗತಿ. ಒಂದೇ ಸಿಲಿಂಡರಿನ ಈ ಇಂಜಿನುಗಳಿಗೆ ಎಣ್ಣೆ ಹಿಡಿಯುವುದೇ ಸ್ವಲ್ಪ, ಆದ್ದರಿಂದ ಅರ್ಧ ಲೀಟರಿನ ಹೆಚ್ಚುಕಡಿಮೆಯೂ ಇಲ್ಲಿ ದೊಡ್ಡದು. ಇಂಜಿನು ಕಟ್ಟೆಯ ಮೇಲೆ ಓರೆಯಾಗಿ ಕೂತಿದ್ದರೆ ಕಡ್ಡಿ ಎಂದೂ ನಿಜ ಹೇಳುವುದಿಲ್ಲ, ಮೊದಲು ಕಟ್ಟೆಯನ್ನು ಸಮ ಮಾಡಿಸಬೇಕು.

ಹಲವು ಪಂಪುಸೆಟ್ಟುಗಳಲ್ಲೂ ಹಳೆಯ ಟ್ರ್ಯಾಕ್ಟರುಗಳಲ್ಲೂ ಎಣ್ಣೆ ಹಾಕುವ ಮತ್ತೊಂದು ಜಾಗವಿದೆ. ಅದು ಏರ್ ಕ್ಲೀನರಿನ ಕೆಳಗಿನ ಬಟ್ಟಲು. ಒಳಗೆ ಹೋಗುವ ಗಾಳಿಯ ಧೂಳು ಈ ಎಣ್ಣೆಗೆ ಅಂಟಿ ಉಳಿಯುತ್ತದೆ. ಬಟ್ಟಲಿಗೂ ಒಂದು ಗೆರೆಯಿದೆ. ಧೂಳಿನ ಕಾಲ, ಎಣ್ಣೆ ಹೆಚ್ಚಿದ್ದರೆ ಒಳ್ಳೆಯದೆಂದು ಗೆರೆ ದಾಟಿಸಿ ತುಂಬಿದರೆ, ಗಾಳಿಯ ಸೆಳೆತಕ್ಕೆ ಎಣ್ಣೆಯೇ ಇಂಜಿನಿನೊಳಗೆ ಹೋಗುತ್ತದೆ. ಡೀಸೆಲು ಇಂಜಿನಿಗೆ ಎಣ್ಣೆಯೂ ಉರುವಲೇ. ಆಗ ಇಂಜಿನು ರೇಸಾಗಿ ಹುಚ್ಚು ಹಿಡಿದಂತೆ ಓಡುತ್ತದೆ. ಡೀಸೆಲು ಬಂದು ಮಾಡಿದರೂ ನಿಲ್ಲುವುದಿಲ್ಲ, ತುಂಡಾಗಿ ಹಾರುವುದೂ ಉಂಟು. ಚೇಂಬರಿನಲ್ಲಿ ಎಣ್ಣೆ ವಿಪರೀತ ಹೆಚ್ಚಾದಾಗಲೂ ಬ್ರೀದರಿನ ದಾರಿಯಿಂದ ಹೀಗೆಯೇ ಆಗಬಹುದು. ಅದನ್ನು ನಿಲ್ಲಿಸುವ ಉಪಾಯ ಗಾಳಿ ಕಟ್ಟುವುದು: ಗಾಳಿ ಎಳೆಯುವ ಬಾಯಿಗೆ ದಪ್ಪ ಹಲಗೆಯನ್ನು ಅಡ್ಡಲಾಗಿ ಒತ್ತಬೇಕು. ಅಂಗೈ ಒಡ್ಡಬಾರದು, ಸಡಿಲು ಬಟ್ಟೆ ತುರುಕಬಾರದು. ಇಂಜಿನಿನ ಸದ್ದು ಮಿತಿಮೀರಿದ್ದರೆ, ಹಲಗೆ ಕೈಗೆ ಸಿಗದಿದ್ದರೆ, ಎಲ್ಲರೂ ದೂರ ಸರಿಯಬೇಕು. ಇಂಜಿನು ಹೋದರೆ ಇನ್ನೊಂದು ತರಬಹುದು.

ಯಾವ ಎಣ್ಣೆ ಎಂಬುದಕ್ಕೆ ಹೆಚ್ಚು ಬರೆಯುವ ಕಾರಣವಿಲ್ಲ. ಡಬ್ಬಿಯ ಮೇಲೆ 15ಡಬ್ಲ್ಯು-40, 20ಡಬ್ಲ್ಯು-40 ಎಂದು ಇರುವುದು ಎಣ್ಣೆಯ ಮಂದತನದ ಗುರುತು. ಡಬ್ಲ್ಯು ಎಂದರೆ ಚಳಿಗಾಲ. ಮೊದಲ ಅಂಕಿ ಚಳಿಯಲ್ಲಿ, ಎರಡನೆಯದು ಕಾವಿನಲ್ಲಿ. ಸಿ.ಎಫ್.-4, ಸಿ.ಐ.-4 ಎಂಬಂತೆ ಸಿ ಅಕ್ಷರದಿಂದ ಆರಂಭವಾಗುವುದು ಡೀಸೆಲು ಇಂಜಿನಿನದು, ಎಸ್ ಅಕ್ಷರದಿಂದ ಆರಂಭವಾಗುವುದು ಪೆಟ್ರೋಲಿನದು. ಪುಸ್ತಕದಲ್ಲಿ ಇದ್ದದ್ದನ್ನೇ ಸೀಲು ಮಾಡಿದ ಡಬ್ಬಿಯಲ್ಲಿ ಕೊಳ್ಳಬೇಕು. ಹೈಡ್ರಾಲಿಕ್ಕಿಗೂ ಗೇರಿಗೂ ಹಾಕುವ ಎಣ್ಣೆ ಬೇರೆ, ಅದರ ಮುಚ್ಚಳ ಬೇರೆ. ಹೊಸ ಆಳಿಗೆ ಗಾಡಿ ಕೊಡುವ ದಿನ ಮುಚ್ಚಳಗಳನ್ನು ಮುಟ್ಟಿ ತೋರಿಸಬೇಕು. ಹಲವು ಟ್ರ್ಯಾಕ್ಟರುಗಳಿಗೆ 250 ತಾಸಿಗೊಮ್ಮೆ ಎಣ್ಣೆ ಬದಲಿಸಬೇಕೆಂದು ಹೇಳಿರುತ್ತಾರೆ. ಕಾಲುಕಾಲು ಲೀಟರು ಹಾಕುತ್ತ ಹೋದರೆ ಬದಲಿಸಿದಂತಾಗುವುದಿಲ್ಲ.

ಇಳಿಸಿದ ಸುಟ್ಟ ಎಣ್ಣೆಯನ್ನು ಹುಣ್ಣಾದ ದನಕ್ಕೆ ಬಳಿಯುವುದೂ, ಬಾವಿಯ ಮಗ್ಗುಲ ತಗ್ಗಿಗೆ ಚೆಲ್ಲುವುದೂ ನಮ್ಮಲ್ಲಿ ಇನ್ನೂ ನಡೆದಿದೆ. ಎರಡೂ ತಪ್ಪು. ಅದರಲ್ಲಿ ಲೋಹದ ಪುಡಿಯೂ ಹುಣ್ಣು ತರುವ ವಿಷವೂ ಸೇರಿರುತ್ತದೆ, ನೆಲಕ್ಕೆ ಇಳಿದದ್ದು ನೀರಿಗೂ ಇಳಿಯುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಸಿಟ್ಟು, ಶುದ್ಧಿಮಾಡುವ ಪರವಾನಗಿಯಿರುವವರಿಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಬೇಕು, ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಛಾಟಣಿಗೆ ಇನ್ನೂ ದಿನವಿರುವಾಗಲೇ ಫೀಡ್ ಪಂಪಿನ ಪೊರೆಯನ್ನು ಒಮ್ಮೆ ತೆಗೆಸಿ ನೋಡಿಸಿರಿ. ಬೆಲೆ ಕೇಳಿದರೆ ಔಷಧದ ಒಂದು ಸಣ್ಣ ಪೊಟ್ಟಣಕ್ಕೂ ಹೆಚ್ಚಾಗಲಾರದು.